ಒಳಾಂಗಣದ ಬರವಣಿಗೆಗೆ ಕಥೆಯ ಹಂದರ

ಮನೆ, ಅಂಗಡಿ ಹಾಗೂ ಕಚೇರಿಗಳ ಒಳಾಂಗಣ ವಿನ್ಯಾಸದ ವ್ಯವಹಾರವು ಇಂದು ಮಹಾನಗರಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಂತಹ ಊರುಗಳಲ್ಲಿಯೂ ಮನೆ ಕಟ್ಟಿಸುವವರು ಟೈಲ್ಸ್, ಪ್ಲೈವುಡ್, ಪಿ.ಓ.ಪಿ. ಛಾವಣಿಗಳ ಬಗ್ಗೆ ವಿಚಾರಿಸುತ್ತಾರೆ. ಆದರೆ ಈ ಸರಕನ್ನು ಮಾರುವವರು ಅಚ್ಚು ಹಾಕಿಸುವ ಕರಪತ್ರಗಳಲ್ಲಿ ‘ಆಕರ್ಷಕ ವಿನ್ಯಾಸ, ಉತ್ಕೃಷ್ಟ ಗುಣಮಟ್ಟ, ಯೋಗ್ಯ ದರ’ ಎಂಬ ಮೂರು ಮಾತುಗಳಾಚೆ ವಿಶೇಷವೇನೂ ಇರುವುದಿಲ್ಲ. ಅಂಗಡಿಯ ಹೆಸರನ್ನು ಅಳಿಸಿ ಎದುರಂಗಡಿಯ ಹೆಸರನ್ನು ಸೇರಿಸಿದರೂ ಕರಪತ್ರಕ್ಕೆ ಯಾವ ಬಾಧೆಯೂ ಆಗದು. ಎಲ್ಲರ ಮಾತೂ ಒಂದೇ ಆದಾಗ ಗ್ರಾಹಕನಿಗೆ ಹೋಲಿಸಲು ಉಳಿಯುವುದು ದರ ಮಾತ್ರ. ಸಣ್ಣ ವರ್ತಕನ ಲಾಭಾಂಶ ಕರಗುವುದು ಇಲ್ಲಿಯೇ.

ಕಥನದ ತಂತ್ರ ಇಂತಹ ಸಂದರ್ಭದಲ್ಲಿ ನೆರವಾಗುತ್ತದೆ. ಕಥನವೆಂದರೆ ಆಲಂಕಾರಿಕ ಭಾಷೆಯಲ್ಲ, ಕಟ್ಟುಕಥೆಯಂತೂ ಅಲ್ಲವೇ ಅಲ್ಲ. ಒಂದು ಸ್ಥಳ, ಅಲ್ಲಿ ವಾಸಿಸುವವರು, ಅವರಿಗಿದ್ದ ತೊಂದರೆ, ಅದು ನಿವಾರಣೆಯಾದ ಬಗೆ, ಇಷ್ಟೇ ಅದರ ಬಂಡವಾಳ. ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಆರಂಭಿಕ ಶಿಲ್ಕು, ನಡುವಿನ ಜಮಾ-ಖರ್ಚು, ಅಖೈರು ಶಿಲ್ಕು.

ಈ ಭಾಗದ ಹಳೆಯ ಮನೆಯೊಂದನ್ನು ಊಹಿಸಿಕೊಳ್ಳಬಹುದು. ದಪ್ಪ ಕಲ್ಲುಗೋಡೆ, ತೊಲೆ-ಜಂತಿಗಳ ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಚಿಕ್ಕ ಬೆಳಕಿಂಡಿ. ಬೇಸಿಗೆಯಲ್ಲಿ ತಂಪು, ಆದರೆ ನಡುಮನೆಯಲ್ಲಿ ಹಗಲಿನಲ್ಲಿಯೂ ಕತ್ತಲೆ. ‘ನಡುಮನೆಯ ಸಂಪೂರ್ಣ ನವೀಕರಣ, 240 ಚದರ ಅಡಿ’ ಎಂದು ಬರೆದರೆ ಅದು ಬಿಲ್ಲಿನ ಒಂದು ಸಾಲಾಗುತ್ತದೆ. ಬದಲಿಗೆ, ಒಳಗೆ ಕಾಳು ಯಾವುದು ಕಲ್ಲು ಯಾವುದು ಎಂಬುದು ಕಾಣದೆ ಆ ಮನೆಯ ಅಜ್ಜಿ ಹೊಸ್ತಿಲ ಬಳಿಯೇ ಕುಳಿತು ಜೋಳ ಹಸನು ಮಾಡುತ್ತಿದ್ದರು, ಬೆಳಕಿಂಡಿಯನ್ನು ಅಗಲಗೊಳಿಸಿ ಗಾಜು ಕೂಡಿಸಿ ಗೋಡೆಗೆ ಬಿಳಿ ಬಣ್ಣ ಬಳಿದ ಮೇಲೆ ಮೊರವನ್ನು ಒಳಗೆ ತಂದರು ಎಂದು ಬರೆದರೆ, ಕತ್ತಲೆಯ ಮನೆಯಿರುವ ಪ್ರತಿಯೊಬ್ಬ ಓದುಗನೂ ತನ್ನ ಮನೆಯನ್ನೇ ಅಲ್ಲಿ ಕಾಣುತ್ತಾನೆ. ಈ ಬರಹದಲ್ಲಿ ಕಥಾನಾಯಕಿ ಅಜ್ಜಿಯೇ ಹೊರತು ಅಂಗಡಿಯ ಮಾಲೀಕನಲ್ಲ. ಅನೇಕ ಪ್ರಚಾರ ಬರಹಗಳು ಎಡವುವುದು ಈ ಒಂದು ಸಂಗತಿಯಲ್ಲಿ. ಮಾಲೀಕರ ಭಾವಚಿತ್ರ ದೊಡ್ಡದಾದಷ್ಟೂ ಓದುವವರು ಕಡಿಮೆ.

ಸರಕಿಗೂ ತನ್ನದೇ ಆದ ಕಥೆಯಿರುತ್ತದೆ. ಬೀದರಿನ ಬಿದರಿ ಕಲೆ ಇದಕ್ಕೆ ಉತ್ತಮ ನಿದರ್ಶನ. ಸತುವೇ ಹೆಚ್ಚಾಗಿ, ತಾಮ್ರ ಅಲ್ಪವಾಗಿ ಬೆರೆತ ಲೋಹವನ್ನು ಎರಕ ಹೊಯ್ದು, ಕೆತ್ತಿ, ಕೆತ್ತಿದಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಕೂಡಿಸುತ್ತಾರೆ. ಉಜ್ಜಿ ನಯಗೊಳಿಸಿದಾಗ ಲೋಹ ಬೂದು, ಬೆಳ್ಳಿ ಬಿಳಿ. ದಿನಗಟ್ಟಲೆ ಪಟ್ಟ ಶ್ರಮ ಕಣ್ಣಿಗೆ ಕಾಣುವುದೇ ಇಲ್ಲ. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣು ಹಾಗೂ ನವಸಾಗರ ಬೆರೆಸಿದ ಬಿಸಿ ದ್ರಾವಣದ ಸಂಸ್ಕಾರವಾದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಉಳಿದು ಹೊಳೆಯುತ್ತದೆ. ಕಥೆಗೆ ಬೇಕಾದ ಕುತೂಹಲವೂ ತಿರುವೂ ತಯಾರಿಕೆಯಲ್ಲಿಯೇ ಇರುವಾಗ, ಪಡಸಾಲೆಯಲ್ಲಿಡುವ ಹೂದಾನಿಯನ್ನು ಮಾರುವವರು ‘ಸುಂದರ ಕಲಾಕೃತಿ’ ಎಂಬ ಎರಡೇ ಪದ ಬರೆದು ಸುಮ್ಮನಾಗುವುದು ನಷ್ಟದ ಬಾಬತ್ತು. ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆತ ಮೇಲೆ ಈ ಕಥೆಯನ್ನು ಕೇಳುವ ಕಿವಿಗಳೂ ಹೆಚ್ಚಿವೆ.

ಇಲ್ಲಿಯೇ ಒಂದು ಎಚ್ಚರಿಕೆಯೂ ಅಗತ್ಯ. ಬಿದರಿಗೆ ಭೌಗೋಳಿಕ ಸೂಚ್ಯಂಕದ ನೋಂದಣಿಯಿದೆ. ಬೇರೆಡೆ ತಯಾರಾದ ಕಪ್ಪು ಬಣ್ಣದ ಅಗ್ಗದ ವಸ್ತುವಿಗೆ ಕೋಟೆಯ ಮಣ್ಣಿನ ಕಥೆ ಅಂಟಿಸುವುದು 1999ರ ಭೌಗೋಳಿಕ ಸೂಚ್ಯಂಕಗಳ ಕಾಯಿದೆಯನ್ನು ಕೆಣಕಿದಂತೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರವೂ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರೀಯ ಪ್ರಾಧಿಕಾರವು ತಯಾರಕನಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು; ಪುನಃ ಎಸಗಿದರೆ 50 ಲಕ್ಷ ರೂಪಾಯಿವರೆಗೆ. ವೋಚರ್ ಇಲ್ಲದ ಖರ್ಚನ್ನು ಲೆಕ್ಕ ಪರಿಶೋಧಕ ಹೇಗೆ ಒಪ್ಪುವುದಿಲ್ಲವೋ, ಆಧಾರವಿಲ್ಲದ ಕಥೆಯನ್ನು ಕಾನೂನೂ ಹಾಗೆಯೇ ಒಪ್ಪುವುದಿಲ್ಲ.

ಆದ್ದರಿಂದ ಪ್ರತಿಯೊಂದು ಕಾಮಗಾರಿಗೂ ಒಂದು ಕಡತ ತೆರೆಯುವುದು ಲೇಸು. ಕೆಲಸಕ್ಕೆ ಮುನ್ನ ಮತ್ತು ನಂತರ ತೆಗೆದ, ದಿನಾಂಕವಿರುವ ಛಾಯಾಚಿತ್ರಗಳು, ಸರಕು ಖರೀದಿಸಿದ ಬಿಲ್ಲು, ಮನೆಯವರು ತಮ್ಮ ಮಾತನ್ನೂ ಚಿತ್ರವನ್ನೂ ಬಳಸಲು ಬರೆದುಕೊಟ್ಟ ಒಪ್ಪಿಗೆ ಇವಿಷ್ಟು ಅದರಲ್ಲಿರಬೇಕು. ಕರಪತ್ರ ಬರೆಯಲು ಕುಳಿತಾಗ ಕಥೆಯ ಮುಕ್ಕಾಲು ಪಾಲು ಆ ಕಡತದಲ್ಲಿಯೇ ಸಿದ್ಧವಾಗಿರುತ್ತದೆ.

ಸರಕಿನ ದೋಷವನ್ನೂ ಕಥೆಯಲ್ಲಿ ಹೇಳಬೇಕೇ ಎಂಬ ಪ್ರಶ್ನೆ ವರ್ತಕರಿಂದ ಸಹಜವಾಗಿ ಬರುತ್ತದೆ. ಕಲಬುರಗಿ ಜಿಲ್ಲೆಯದೇ ಆದ ಶಹಾಬಾದ್ ಕಲ್ಲನ್ನು ತೆಗೆದುಕೊಳ್ಳೋಣ. ಅದು ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಆ ಕಾರಣದಿಂದಲೇ ನೆಲಹಾಸಿಗೆ ಅನುಕೂಲ, ಬಿಸಿಲುಗಾಲದಲ್ಲಿ ಬರಿಗಾಲಿಗೆ ಹಿತ. ಅದೇ ಸುಣ್ಣದ ಗುಣದಿಂದಾಗಿ ನಿಂಬೆರಸವೋ ಹುಣಸೆಹುಳಿಯೋ ಬಿದ್ದರೆ ಹೊಳಪು ಮಾಸುತ್ತದೆ. ಆ್ಯಸಿಡ್ ಹಾಕಿ ತೊಳೆದರಂತೂ ಕಲ್ಲೇ ಸವೆಯುತ್ತದೆ. ಇದನ್ನು ಮುಚ್ಚಿಟ್ಟ ವರ್ತಕನ ಅಂಗಡಿಗೆ ಗ್ರಾಹಕ ಆರು ತಿಂಗಳಲ್ಲಿ ಜಗಳಕ್ಕೆ ಬರುತ್ತಾನೆ. ‘ಹುಳಿ ಚೆಲ್ಲಿದರೆ ಕೂಡಲೇ ಒರೆಸಿರಿ, ಆ್ಯಸಿಡ್ ಬಳಸಬೇಡಿರಿ’ ಎಂದು ಮೊದಲೇ ಅಚ್ಚು ಹಾಕಿಸಿದವನ ಅಂಗಡಿಗೆ ಅದೇ ಗ್ರಾಹಕ ಅಡುಗೆಮನೆಯ ಕಟ್ಟೆಗೆ ಯಾವ ಕಲ್ಲು ಸೂಕ್ತವೆಂದು ಕೇಳಲು ಬರುತ್ತಾನೆ.