ದೊಡ್ಡವನಾಗುವುದು, ದೊಡ್ಡವಳಾಗುವುದು

ನಮ್ಮ ಮಾತಿನ ಒಂದು ಸೋಜಿಗವನ್ನು ಗಮನಿಸಿದ್ದೀರಾ? ‘ಹುಡುಗ ದೊಡ್ಡವನಾದ’ ಎಂದರೆ ಬುದ್ಧಿ ಬಂತು, ಜವಾಬ್ದಾರಿ ಬಂತು ಎಂದರ್ಥ. ಅದಕ್ಕೆ ವರ್ಷಗಳೇ ಬೇಕು. ‘ಹುಡುಗಿ ದೊಡ್ಡವಳಾದಳು’ ಎಂದರೆ? ಅದು ಒಂದೇ ದಿನದ ಮಾತು. ಬೆಳಿಗ್ಗೆ ಚಿಕ್ಕವಳು, ಸಂಜೆಗೆ ದೊಡ್ಡವಳು!

ಕಳೆದ ಮಳೆಗಾಲದಲ್ಲಿ ನನ್ನ ಮಗಳು ದೊಡ್ಡವಳಾದಳು. ಆರತಿ ಆಯಿತು, ಚಿಗಳಿ ಕುಟ್ಟಿ ತಿನ್ನಿಸಿದ್ದೂ ಆಯಿತು. ಆಮೇಲೆ ನಮ್ಮತ್ತೆ, “ಇನ್ನು ಹುಡುಗರ ಜೊತೆ ಕ್ರಿಕೆಟ್ ಆಡೋದು ಸಾಕು ಕೂಸೇ” ಎಂದರು. ನಾನು ಸುಮ್ಮನಿದ್ದೆ. ನನಗೂ ಹೀಗೇ ಹೇಳಿದ್ದರಲ್ಲ! ಬ್ಯಾಟು ಅಟ್ಟ ಸೇರಿತು.

ಆಗುಂಬೆಯ ಮಳೆ ನಿಮಗೆ ಗೊತ್ತೇ ಇದೆ. ಶಾಲೆಗೆ ರಜೆ, ಕರೆಂಟೂ ಇಲ್ಲ. ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ಸಮಾಧಾನ ಮಾಡಲು ಬೇರೆ ದಾರಿ ಕಾಣದೆ, “ಬಾ, ಇಬ್ಬರೂ ಏನಾದ್ರೂ ಓದೋಣ” ಎಂದೆ. ಮಕ್ಕಳು ಬೆಳೆಯುವ ಕಥೆಗಳನ್ನೇ ಆರಿಸಿಕೊಂಡೆವು.

ಮೊದಲನೆಯದು ಆರ್.ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’. 1935ರಲ್ಲಿ ಬಂದ ಅವರ ಮೊದಲ ಕಾದಂಬರಿ. ಬರೆದದ್ದು ಇಂಗ್ಲಿಷಿನಲ್ಲಾದರೂ ಸ್ವಾಮಿ ನಮ್ಮೂರಿನವರಿಗೆ ಮನೆಮಗ. ಶಂಕರ್ ನಾಗ್ ಅವರು 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದ್ದು ಇಲ್ಲೇ ಅಲ್ಲವೇ! ಹೈಸ್ಕೂಲಿಗೇ ಓದು ನಿಲ್ಲಿಸಿದ ನನಗೆ ಮಗಳೇ ಓದಿ ಅರ್ಥ ಹೇಳಿದಳು. ಸ್ವಾಮಿ ಶಾಲೆಯಿಂದ ಓಡುತ್ತಾನೆ, ಕಾಡಿನಲ್ಲಿ ದಾರಿ ತಪ್ಪುತ್ತಾನೆ, ಕ್ರಿಕೆಟ್ ಪಂದ್ಯ ಕೈತಪ್ಪುತ್ತದೆ, ಗೆಳೆಯ ರಾಜಮ್ ಮುನಿಯುತ್ತಾನೆ. ಊರು ಬಿಟ್ಟು ಹೊರಟ ಆ ಗೆಳೆಯನಿಗೆ ಪುಸ್ತಕ ಕೊಡಲು ಕೊನೆಗೆ ರೈಲಿನ ಜೊತೆ ಓಡುತ್ತಾನೆ. ಗೆಳೆಯ ಕ್ಷಮಿಸಿದನೋ ಇಲ್ಲವೋ, ಲೇಖಕರು ಬಿಡಿಸಿ ಹೇಳುವುದಿಲ್ಲ. ನಗಿಸುತ್ತಲೇ ಬಂದ ಕಥೆ ಅಲ್ಲಿ ಗಂಟಲು ಕಟ್ಟಿಸುತ್ತದೆ. ಹೇಳದೆ ಬಿಟ್ಟ ಆ ಜಾಗದಲ್ಲೇ ಸ್ವಾಮಿ ಒಂದಿಷ್ಟು ಬೆಳೆಯುತ್ತಾನೆ.

ಎರಡನೆಯದು ಕಾದಂಬರಿಯಲ್ಲ, ಕಥೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಚಲನಚಿತ್ರ ಮಾಡಿದರು. ವೇದ ಕಲಿಯಲು ಬಂದ ಪುಟ್ಟ ಹುಡುಗನ ಕಣ್ಣಿನಲ್ಲಿ ನಾವು ವಿಧವೆ ಯಮುನಕ್ಕನನ್ನು ನೋಡುತ್ತೇವೆ. ಅವಳು ಬಸುರಿ ಎಂಬುದು ಹುಡುಗನಿಗೆ ಪೂರಾ ತಿಳಿಯದು, ನಮಗೆ ತಿಳಿಯುತ್ತದೆ. ಕಥೆಗಾರರ ಜಾಣತನ ಇರುವುದು ಇಲ್ಲೇ. ಬದುಕಿರುವ ಮಗಳಿಗೆ ತಂದೆ ಶ್ರಾದ್ಧ ಮಾಡುತ್ತಾನೆ. ಅದನ್ನು ಕಂಡ ಹುಡುಗ ಮತ್ತೆ ಮೊದಲಿನ ಹುಡುಗನಾಗಲಾರ.

ಮೂರನೆಯದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’. 1976ರದು, ನಿಜವಾಗಿ ಬದುಕಿದ್ದ ಹೆಂಗಸಿನ ಕಥೆ. ಆಟದ ವಯಸ್ಸಿನಲ್ಲೇ ಮದುವೆ, ಅದರ ಬೆನ್ನಿಗೇ ವೈಧವ್ಯ. ದೊಡ್ಡವಳಾದ ಕೂಡಲೇ ಅವಳ ತಲೆ ಬೋಳಿಸುತ್ತಾರೆ. ಲೇಖಕಿ ಎದೆ ಬಡಿದುಕೊಂಡು ಬರೆಯುವುದಿಲ್ಲ. ಹಿತ್ತಲ ಜಗಲಿಯಲ್ಲಿ ಕೂತು ಮಾತಾಡಿದ ಹಾಗೆ ಹೇಳುತ್ತಾ ಹೋಗುತ್ತಾರೆ. ಅದಕ್ಕೇ ಹೆಚ್ಚು ನಾಟುತ್ತದೆ.

ಪುಸ್ತಕ ಮುಚ್ಚಿದ ಮಗಳು, “ಅಮ್ಮಾ, ಸ್ವಾಮಿಗೆ ತಪ್ಪು ಮಾಡಿ ಮಾಡಿ ದೊಡ್ಡವನಾಗೋಕೆ ಬಿಟ್ರು. ಫಣಿಗೆ ತಪ್ಪು ಮಾಡೋಕೂ ಬಿಡ್ಲಿಲ್ಲ ಅಲ್ವಾ?” ಎಂದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಹಾಗಾದರೆ ಫಣಿಯಮ್ಮ ಬೆಳೆಯಲೇ ಇಲ್ಲವೇ? ಬೆಳೆದಳು, ನಿಧಾನವಾಗಿ. ಮಡಿಯನ್ನು ಬದಿಗಿಟ್ಟು ಕೆಳಜಾತಿಯವಳೆಂದು ಎಲ್ಲರೂ ದೂರವಿಟ್ಟ ಹೆಂಗಸಿನ ಹೆರಿಗೆಗೆ ಹೋದಳು. ತಲೆ ಕೊಡಲೊಲ್ಲೆ ಎಂದ ಎಳೆಯ ವಿಧವೆ ದಾಕ್ಷಾಯಣಿಯ ಪರ ನಿಂತಳು. ತನಗೆ ಸಿಗದೇ ಹೋದದ್ದು ಇನ್ನೊಬ್ಬಳಿಗಾದರೂ ಸಿಗಲಿ ಎನ್ನುವ ಮನಸ್ಸು ಬಂದಿತಲ್ಲ, ದೊಡ್ಡವಳಾಗುವುದೆಂದರೆ ನಿಜವಾಗಿ ಅದೇ. ಈ ಲೆಕ್ಕದಲ್ಲಿ ನಲವತ್ತು ದಾಟಿದ ನಾನಿನ್ನೂ ದೊಡ್ಡವಳಾಗಿರಲಿಲ್ಲ!

ಮಕ್ಕಳ ಜೊತೆ ಇಂಥ ಪುಸ್ತಕ ಓದುವಾಗ ಮೂರು ಪ್ರಶ್ನೆ ಕೇಳಿ ನೋಡಿ: ಕಥೆಯನ್ನು ಯಾರ ಕಣ್ಣಿನಿಂದ ಹೇಳಿದ್ದಾರೆ? ಮೊದಲಿಗೂ ಕೊನೆಗೂ ಆ ಹುಡುಗನಲ್ಲಿ, ಹುಡುಗಿಯಲ್ಲಿ ಏನು ಬದಲಾಯಿತು? ಲೇಖಕರು ಹೇಳದೇ ಬಿಟ್ಟದ್ದು ಏನು? ಉತ್ತರ ನಿಮ್ಮನ್ನೇ ಚುಚ್ಚಿದರೆ ಬೇಜಾರು ಮಾಡಿಕೊಳ್ಳಬೇಡಿ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ, ನಲವತ್ತು ದಾಟಿದ ಮೇಲೆ. ನಮಗೂ ಇನ್ನೂ ಹೊತ್ತಿದೆ.

ಮಳೆ ಹೊಳವಾದ ದಿನ ನಾನೇ ಅಟ್ಟ ಹತ್ತಿ ಬ್ಯಾಟು ಇಳಿಸಿದೆ. ಅತ್ತೆ ನನ್ನ ಮುಖ ನೋಡಿದರು, ಬ್ಯಾಟು ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, “ಚೆಂಡು ತುಳಸಿಕಟ್ಟೆಗೆ ತಾಗದ ಹಾಗೆ ಆಡೋಕೆ ಹೇಳು” ಎಂದರು.