ಕವಡೆಗೆ ಗೊತ್ತಿಲ್ಲದ ಕರ್ಮ

ತಾಳಮದ್ದಳೆ ಕೇಳಿದವರಿಗೆ ಈ ಅಧ್ಯಾಯದ ಆಟ ಅರ್ಧ ಗೊತ್ತಿದ್ದಂತೆಯೇ. ವೇಷವಿಲ್ಲ, ಕುಣಿತವಿಲ್ಲ. ಶಲ್ಯ ಹೊದ್ದ ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾರೆ, ಎದುರಿಗಿದ್ದವರು ಕೃಷ್ಣ. ಮಾತು ಅಲ್ಲಲ್ಲೇ ಹುಟ್ಟುತ್ತದೆ, ಭಾಗವತರು ಕಥೆಯನ್ನು ಮುಂದಕ್ಕೆ ನಡೆಸುತ್ತಾರೆ. ಇದರಲ್ಲಿ ಒಂದನ್ನು ಮಾತ್ರ ಬದಲಿಸಿ: ಪ್ರಸಂಗದ ಕೊನೆ ಭಾಗವತರಿಗೂ ಗೊತ್ತಿಲ್ಲ, ಕರ್ಣನ ಬಾಣ ತಾಗಿತೋ ತಪ್ಪಿತೋ ಎಂದು ಹೇಳುವುದು ದಾಳ. ಅದೇ ರೋಲ್ ಪ್ಲೇಯಿಂಗ್ ಗೇಮ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮೂರು ತೆಳ್ಳನೆಯ ಪುಸ್ತಿಕೆಗಳಾಗಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಕುಲದ ಹಿರಿಯ.

ಇಂಥ ಆಟದ ನಿಯಮ ಚೆನ್ನಾಗಿದೆಯೋ ಇಲ್ಲವೋ ಎಂದು ನೋಡುವವರು ಹೆಚ್ಚಾಗಿ ರಕ್ಕಸರ ಪಟ್ಟಿ, ಮಂತ್ರಗಳ ಪಟ್ಟಿ ತಿರುವುತ್ತಾರೆ. ಅಲ್ಲಿ ಏನೂ ಸಿಗದು. ದಾಳ ನೋಡಬೇಕು. ಇಪ್ಪತ್ತು ಮುಖದ ದಾಳದಲ್ಲಿ ಯಾವ ಅಂಕಿ ಬೀಳುವ ಸಾಧ್ಯತೆಯೂ ನೂರಕ್ಕೆ 5. ಪಳಗಿದ ಬಿಲ್ಲುಗಾರನೂ ಎಳೆ ಹುಡುಗನಂತೆ ಆಗಾಗ ಎಡವುತ್ತಿರುತ್ತಾನೆ. ಮೂರು ಸಾಮಾನ್ಯ ದಾಳ ಎಸೆದರೆ 216 ಬಗೆಯಲ್ಲಿ ಬೀಳಬಹುದು. ಅದರಲ್ಲಿ 54 ಸಲ ಮೊತ್ತ 10 ಅಥವಾ 11. 18 ಬರುವುದು ಒಂದೇ ಸಲ. ಮೊದಲನೆಯದು ಪವಾಡಗಳ ಲೋಕ, ಎರಡನೆಯದು ಅಭ್ಯಾಸಬಲದ ಲೋಕ. ನಮ್ಮ ಚೌಕಾಬಾರದ ನಾಲ್ಕು ಕವಡೆಯೂ ಎರಡನೆಯ ಜಾತಿಯದೇ: ಹದಿನಾರರಲ್ಲಿ ಆರು ಸಲ ಎರಡು, ನಾಲ್ಕೂ ಮೇಲ್ಮುಖವಾದ ಚೌಕ ಒಂದು ಸಲ, ನಾಲ್ಕೂ ಕವುಚಿದ ಬಾರ ಒಂದು ಸಲ. ಕವಡೆ ನಾಣ್ಯದಷ್ಟು ಸಮತೂಕದ್ದಲ್ಲ ಎಂಬುದು ಬೇರೆ ಮಾತು.

ಆಮೇಲೆ, ಯಾವುದಕ್ಕೆ ಅಂಕ ಸಿಗುತ್ತದೆ? 1974ರ ಪುಸ್ತಿಕೆಗಳಲ್ಲಿ ಗುಹೆಯಿಂದ ಹೊರತಂದ ಚಿನ್ನದ ನಾಣ್ಯಕ್ಕೆ ಒಂದರಂತೆ ಅನುಭವದ ಅಂಕ. ಹೀಗಾಗಿ ಬುದ್ಧಿವಂತ ಆಟಗಾರ ರಕ್ಕಸನ ಜೊತೆ ಕಾದಾಡುತ್ತಿರಲಿಲ್ಲ, ಅವನು ಮಲಗಿದ್ದಾಗ ಗಂಟು ಹೊತ್ತು ತರುತ್ತಿದ್ದ. ವೀರರ ಕಥೆ ಎಂದು ಮುನ್ನುಡಿ ಬರೆದರೂ ಲೆಕ್ಕ ಕಳ್ಳನನ್ನೇ ತಯಾರು ಮಾಡುತ್ತದೆ. ಚೌಕಾಬಾರದಲ್ಲಿ ಎದುರಾಳಿಯ ಕಾಯನ್ನು ಒಂದಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ಕಟ್ಟು ಬಹಳ ಮನೆಗಳಲ್ಲಿದೆ. ಅಜ್ಜಿ ಎಷ್ಟೇ ಸಾಧುವಾಗಿರಲಿ, ಆ ನಿಯಮ ಅವರ ಕೈಯಿಂದ ಮೊಮ್ಮಗನ ಕಾಯನ್ನು ಹೊಡೆಸಿಯೇ ಹೊಡೆಸುತ್ತದೆ.

ಈ ಎರಡು ಅಳತೆಗೋಲು ಹಿಡಿದು ಗುಜರಾತಿಗೆ ಹೋಗೋಣ. ಅಹಮದಾಬಾದಿನ ಪೋಳ್ ಎಂಬ ಹಳೇ ಕೇರಿಗಳು, ವಡೋದರಾದ ಹಳೇ ಪೇಟೆ, ಸೂರತ್ತಿನ ಗೋಪಿಪುರಾ – ಇಲ್ಲಿನ ಜೈನರಿಗೆ ಮಳೆಗಾಲದ ಕೊನೆಗೆ ಪರ್ಯೂಷಣ ಪರ್ವ. ಶ್ವೇತಾಂಬರರ ಆ ಎಂಟು ದಿನಗಳ ಬಿಡುವಿಗೆಂದೇ ಹಿಂದೆ ಗುಜರಾತ್, ರಾಜಸ್ಥಾನದ ಜೈನರಲ್ಲಿ ಒಂದು ಆಟವಿತ್ತು: ಜ್ಞಾನಬಾಜಿ, ಅಥವಾ ಜ್ಞಾನ ಚೌಪಡ. ಬಟ್ಟೆ ಅಥವಾ ಕಾಗದದ ಮೇಲೆ ಬರೆದ ಪಟ. ಜೈನ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆ. ಪ್ರತಿ ಮನೆಗೂ ಒಂದು ಹೆಸರು: ದಯೆ, ತಪಸ್ಸು, ಕ್ರೋಧ, ನರಕ. ಏಣಿ ಪುಣ್ಯದಿಂದ ಮೇಲಕ್ಕೆ, ಹಾವು ಪಾಪದಿಂದ ಕೆಳಕ್ಕೆ. ತುದಿಯಲ್ಲಿ ಸಿದ್ಧರ ನೆಲೆ. ಆಟಗಾರನ ಕಾಯಿ ರಾಜನಲ್ಲ, ಸೈನಿಕನಲ್ಲ, ಒಂದು ಜೀವ. ಜನ್ಮಾಂತರಗಳ ಉದ್ದಕ್ಕೂ ಒಂದು ಪಾತ್ರವನ್ನು ನಡೆಸಿಕೊಂಡು ಹೋಗುವ ಆಟ ಇದಕ್ಕಿಂತ ದೊಡ್ಡದು ಇನ್ನಾವುದಿದೆ? 1890ರ ದಶಕದಲ್ಲಿ ಇದೇ ಕುಲದ ಪಟ ಇಂಗ್ಲೆಂಡಿನ ಅಂಗಡಿ ಸೇರಿ, ಮೋಕ್ಷ ಕಳೆದುಕೊಂಡು, ಬರೀ ಹಾವು ಏಣಿಯಾಯಿತು.

ಅಂಕದ ಪರೀಕ್ಷೆಯಲ್ಲಿ ಜ್ಞಾನಬಾಜಿ ಸಲೀಸಾಗಿ ಪಾಸು. ಹಿಂಸೆ ಕೆಳಕ್ಕೆ, ದಯೆ ಮೇಲಕ್ಕೆ; ಹೇಳುವುದನ್ನೇ ಪಟವೂ ಮಾಡುತ್ತದೆ. ದಾಳದ ಪರೀಕ್ಷೆಯಲ್ಲಿ ಮುಗ್ಗರಿಸುತ್ತದೆ. ದಯೆಯ ಮನೆಗೆ ಬಂದವನು ಯಾರಿಗೂ ದಯೆ ತೋರಿಲ್ಲ, ಕವಡೆ ಬಿದ್ದಿದೆ ಅಷ್ಟೆ. ಎರಡು ದಾರಿಯಲ್ಲಿ ಒಂದನ್ನು ಆರಿಸಿಕೊಳ್ಳುವ ಗಳಿಗೆ ಇಡೀ ಆಟದಲ್ಲಿ ಒಮ್ಮೆಯೂ ಬಾರದು. ಮಾಡಿದವನಿಗೇ ಮಾಡಿದ್ದರ ಫಲ ಎನ್ನುವುದು ಕರ್ಮಸಿದ್ಧಾಂತ. ಮಾಡುವುದಕ್ಕೇ ಇಲ್ಲಿ ಜಾಗವಿಲ್ಲ. ಮಹಾವೀರನ ಜೊತೆ ಕೆಲವು ವರ್ಷ ತಿರುಗಿ ಆಮೇಲೆ ಬೇರೆಯಾದ ಆಜೀವಿಕ ಗುರು ಮಂಖಲಿ ಗೋಶಾಲ ಎಲ್ಲವೂ ನಿಯತಿ ಎನ್ನುತ್ತಿದ್ದ. ಎಸೆದ ದಾರದುಂಡೆ ದಾರ ಮುಗಿಯುವ ತನಕ ಬಿಚ್ಚಿಕೊಳ್ಳುವಂತೆ ಪಂಡಿತನೂ ಪಾಮರನೂ ಸುತ್ತಿ ಸುತ್ತಿ ಕೊನೆ ಮುಟ್ಟುತ್ತಾರೆ ಎಂಬುದು ಅವನ ಮತವೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಹಾವು ಏಣಿಯಲ್ಲೂ ಆಡುತ್ತಲೇ ಇದ್ದರೆ ಎಲ್ಲರೂ ಒಂದಲ್ಲ ಒಂದು ದಿನ ತುದಿ ಮುಟ್ಟುತ್ತಾರಲ್ಲ! ಪಟದ ಮೇಲೆ ಬರೆದದ್ದು ಮಹಾವೀರನ ಮಾತು, ಕವಡೆ ಆಡಿದ್ದು ಗೋಶಾಲನ ಆಟ.

ಪಾಪ, ಪಟ ಬರೆದವನು ಪಕ್ಕದಲ್ಲೇ ಇದ್ದ ಒಳ್ಳೆಯ ನಿಯಮವನ್ನು ಬಳಸಿಕೊಳ್ಳಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಜೀವ ಏರುವ ಹದಿನಾಲ್ಕು ಮೆಟ್ಟಿಲುಗಳನ್ನು ಜೈನರು ಗುಣಸ್ಥಾನ ಎನ್ನುತ್ತಾರೆ. ಗುಜರಾತಿನ ಗಿರ್ನಾರದ ಗುಹೆಯಲ್ಲಿ ಧರಸೇನಾಚಾರ್ಯರು ಪುಷ್ಪದಂತ, ಭೂತಬಲಿ ಎಂಬ ಇಬ್ಬರಿಗೆ ಹೇಳಿಕೊಟ್ಟ ವಿದ್ಯೆಯಿಂದ ಷಟ್ಖಂಡಾಗಮ ಹುಟ್ಟಿತೆಂದು ದಿಗಂಬರ ಪರಂಪರೆ. ಗುಣಸ್ಥಾನಗಳ ವಿಚಾರವನ್ನು ವಿಸ್ತಾರವಾಗಿ ಹೇಳುವ ಆ ಗ್ರಂಥದ ತಾಡವೋಲೆಗಳು ಉಳಿದದ್ದು ನಮ್ಮ ಮೂಡಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಎಂಟನೆಯ ಮೆಟ್ಟಿಲಲ್ಲಿ ದಾರಿ ಕವಲೊಡೆಯುತ್ತದೆ. ಮೋಹವನ್ನು ಅದುಮಿಟ್ಟು ಏರುವವನು ಹನ್ನೊಂದನೆಯದನ್ನು ಮುಟ್ಟುತ್ತಾನೆ, ಆದರೆ ಅಲ್ಲಿಂದ ಜಾರಲೇಬೇಕು. ಮೋಹವನ್ನು ಬೇರುಸಹಿತ ಕೀಳುತ್ತ ಏರುವವನು ಹತ್ತರಿಂದ ನೇರ ಹನ್ನೆರಡಕ್ಕೆ ದಾಟುತ್ತಾನೆ, ಮತ್ತೆ ಬೀಳುವುದಿಲ್ಲ.

ಇದನ್ನು ಆಟವಾಗಿಸುವುದು ಕಷ್ಟವೇನಲ್ಲ. ಅದುಮಿಡುವ ದಾರಿಯಲ್ಲಿ ಕವಡೆ ಹೇಗೇ ಬೀಳಲಿ, ಎಸೆತಕ್ಕೊಂದು ಮೆಟ್ಟಿಲು. ಮೂರು ಎಸೆತಕ್ಕೆ ಹನ್ನೊಂದು. ಕೀಳುವ ದಾರಿಯಲ್ಲಿ ಮೂರು, ಚೌಕ ಅಥವಾ ಬಾರ ಬಿದ್ದರೆ ಮಾತ್ರ ಒಂದು ಮೆಟ್ಟಿಲು. ಹದಿನಾರರಲ್ಲಿ ಆರು ಸಲ, ಅಂದರೆ ಹನ್ನೆರಡು ಮುಟ್ಟಲು ಸರಾಸರಿ ಎಂಟು ಎಸೆತ. ಆದರೆ ಬೀಳುವುದು ಖಚಿತವಾದ ದಾರಿಯನ್ನು ಯಾರಾದರೂ ಯಾಕೆ ಹಿಡಿದಾರು? ಅಹಮದಾಬಾದಿನಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಈಗ ತನ್ನ ಗಾಂಧಿನಗರದ ಆವರಣದಲ್ಲಿ ಆಟಿಕೆ ಮತ್ತು ಆಟಗಳ ವಿನ್ಯಾಸವನ್ನೇ ಒಂದು ವಿಷಯವಾಗಿ ಕಲಿಸುತ್ತದೆ. ಅಲ್ಲಿನ ವಿದ್ಯಾರ್ಥಿಯೂ ಕೇಳಬೇಕಾದ ಪ್ರಶ್ನೆ ಇದೇ.

ಉತ್ತರ ಜೈನ ಮನೆಗಳ ಅಡುಗೆಮನೆಯಲ್ಲಿದೆ. ಜೈನರಲ್ಲಿ ಊಟ ಸೂರ್ಯ ಮುಳುಗುವ ಮುನ್ನ. ಒಳಗಿಂದ ಕೂಗು ಬಂದ ಕೂಡಲೇ ಆಟ ಬಂದ್, ಆ ಗಳಿಗೆಯಲ್ಲಿ ಯಾರ ಕಾಯಿ ಎತ್ತರದಲ್ಲಿದೆಯೋ ಅವರೇ ಗೆದ್ದಂತೆ ಎಂದು ಒಂದು ನಿಯಮ ಸೇರಿಸಿ. ಈಗ ಎಂಟನೆಯ ಮೆಟ್ಟಿಲಲ್ಲಿ ಕೂತವನು ಕವಡೆಯನ್ನು ಮುಷ್ಟಿಯಲ್ಲೇ ಹಿಡಿದು, ಮೊದಲು ಕಿಟಕಿಯಾಚೆಯ ಬಿಸಿಲು ನೋಡುತ್ತಾನೆ, ಆಮೇಲೆ ಅಡುಗೆಮನೆಯ ಸದ್ದಿಗೆ ಕಿವಿಗೊಡುತ್ತಾನೆ.