ಉತಾರದ ಜಾಲತಾಣವೂ ತೆರೆಯುವ ಮುನ್ನಿನ ಪರೀಕ್ಷೆಯೂ

ಘಟಪ್ರಭಾ ನದಿಯ ದಂಡೆಯಲ್ಲಿರುವ ದಡ್ಡಿಯಂಥ ಗಡಿಯೂರಿನ ರೈತರಿಗೆ ಬೆಳೆಸಾಲಕ್ಕೆ ಬೇಕಾಗುವ ಉತಾರ, ಅಂದರೆ ಹೊಲದ ಪಹಣಿ, ಇಂದು ಜಾಲತಾಣದ ಮೂಲಕವೇ ದೊರೆಯುವುದರಿಂದ, ಅಂಥ ತಾಣವೊಂದು ಸಾರ್ವಜನಿಕರಿಗೆ ತೆರೆದುಕೊಳ್ಳುವ ಮುನ್ನ ಎಷ್ಟು ಕಟ್ಟುನಿಟ್ಟಿನ ಪರೀಕ್ಷೆಗೆ ಒಳಗಾಗಿದೆ ಎಂಬುದು ತಂತ್ರಜ್ಞರಿಗಷ್ಟೇ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಹೊಸ ತಾಣವನ್ನು ಮೊದಲು ಸ್ಟೇಜಿಂಗ್ ಸರ್ವರಿನಲ್ಲಿ, ಎಂದರೆ ನಿಜವಾದ ತಾಣದ ಪಡಿಯಚ್ಚಾಗಿದ್ದು ಹೊರಗಿನವರಿಗೆ ಕಾಣಿಸದಿರುವ ವ್ಯವಸ್ಥೆಯಲ್ಲಿ, ನಡೆಸಿ ನೋಡುತ್ತಾರೆ. ಅಲ್ಲಿ ಸಿಕ್ಕ ತಪ್ಪಿಗೆ ತೆರುವ ಬೆಲೆ ತಂತ್ರಜ್ಞರ ಕೆಲವು ಗಂಟೆಗಳ ದುಡಿಮೆ, ಅದೇ ತಪ್ಪು ಹೊರಗೆ ಬಂದರೆ ಬೆಲೆ ತೆರುವವರು ಸರದಿಯಲ್ಲಿ ನಿಂತ ಜನ.

ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡಬಹುದಾದ ನಿದರ್ಶನವೆಂದರೆ 2000ದ ಆಸುಪಾಸಿನಲ್ಲಿ ರೂಪುಗೊಂಡ ಭೂಮಿ ಯೋಜನೆ. ಮೊದಲು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಪ್ರಯೋಗ ನಡೆಸಿ, ಬಳಿಕ ಅಂದಿನ 177 ತಾಲೂಕುಗಳಿಗೆ ವಿಸ್ತರಿಸಿದ ಈ ಯೋಜನೆಯಲ್ಲಿ, ಕಂಪ್ಯೂಟರಿಗೆ ಸೇರಿಸಿದ ಸುಮಾರು 2 ಕೋಟಿ ಪಹಣಿಗಳ ಮುದ್ರಿತ ಪ್ರತಿಗಳನ್ನು ತಲಾಠಿಗಳು, ಎಂದರೆ ಗ್ರಾಮ ಲೆಕ್ಕಿಗರು, ಕೈಬರಹದ ಮೂಲ ದಾಖಲೆಗಳೊಂದಿಗೆ ತಾಳೆ ನೋಡಿದ ನಂತರವೇ ಕೈಬರಹದ ಉತಾರಗಳ ಮಾನ್ಯತೆಯನ್ನು ರದ್ದುಪಡಿಸಲಾಯಿತು. ತಂತ್ರಾಂಶದಷ್ಟೇ ಅದರೊಳಗಿನ ಮಾಹಿತಿಯೂ ಪರೀಕ್ಷೆಗೆ ಒಳಪಡಬೇಕೆಂಬ ತಿಳಿವಳಿಕೆ ಈ ಕ್ರಮದ ಹಿಂದೆ ಇತ್ತು.

ಮಾಹಿತಿಯನ್ನು ಪರೀಕ್ಷಿಸುವವರು ಸಾಮಾನ್ಯ ಉದಾಹರಣೆಗಳಲ್ಲಿ ತೃಪ್ತರಾಗದೆ ಅಂಚಿನಲ್ಲಿರುವ ಪ್ರಕರಣಗಳನ್ನು ಹುಡುಕಬೇಕಾಗುತ್ತದೆ. ಎಕರೆಗೆ 40 ಗುಂಟೆಯಾದ್ದರಿಂದ 39 ಗುಂಟೆಗೆ ಒಂದು ಗುಂಟೆ ಕೂಡಿದಾಗ ತೆರೆಯ ಮೇಲೆ ಒಂದು ಎಕರೆ ಮೂಡಬೇಕು; ಓರೆಗೆರೆಯ ಪಕ್ಕದಲ್ಲಿ ಅಕ್ಷರವೂ ಇರುವ ಹಿಸ್ಸಾ ಸಂಖ್ಯೆಯನ್ನು, ಎಂದರೆ ಹೊಲದ ಉಪವಿಭಾಗದ ಸಂಖ್ಯೆಯನ್ನು, ತಾಣವು ತಿರಸ್ಕರಿಸಬಾರದು; ಗೋಕಾಕದಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿಯ ಹಳ್ಳಿಯೊಂದರ ಹಳೆಯ ದಾಖಲೆ, ಗೋಕಾಕದ ಹೆಸರಿನಲ್ಲೇ ಉಳಿದಿದ್ದರೂ, ಹುಡುಕುವವರಿಗೆ ಸಿಗಬೇಕು.

ಕನ್ನಡದ ತಾಣಗಳಲ್ಲಿ ಕಣ್ಣಿಗೆ ಕಾಣದ ತೊಡಕೊಂದಿದೆ. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ನಿಗದಿಪಡಿಸಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ 'ಗೋಕಾಕ'ದ ಮೊದಲಕ್ಷರದ ಓತ್ವವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ರೂಪದಲ್ಲಿ ಕಂಡರೂ ಕಂಪ್ಯೂಟರಿನ ಪಾಲಿಗೆ ಅವು ಬೇರೆಬೇರೆ ಪದಗಳಾಗುವುದರಿಂದ, ನಾರ್ಮಲೈಸೇಶನ್, ಎಂದರೆ ಎರಡನ್ನೂ ಒಂದೇ ಸಂಕೇತಕ್ರಮಕ್ಕೆ ತರುವ ವಿಧಾನ, ಅಳವಡಿಸದಿದ್ದರೆ ದಾಖಲೆ ಇದ್ದೂ 'ಸಿಗಲಿಲ್ಲ' ಎಂಬ ಉತ್ತರ ಬರುತ್ತದೆ. ಹುಕ್ಕೇರಿಯ 'ಕ್ಕೇ'ಗೂ ಇದೇ ಅಪಾಯವಿದೆ. ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷಿಸುವ ತಂಡಕ್ಕೆ ಈ ದೋಷ ಎಂದೂ ಗೋಚರಿಸದು.

ಏಕಕಾಲಕ್ಕೆ ಸಾವಿರಾರು ಜನ ಬಂದಾಗ ತಾಣ ತಾಳಿಕೊಳ್ಳುತ್ತದೆಯೇ ಎಂಬುದನ್ನು ಕೃತಕ ಕೋರಿಕೆಗಳ ಮೂಲಕ ಅಳೆಯುವ ಲೋಡ್ ಟೆಸ್ಟಿಂಗ್ ಮತ್ತೊಂದು ಹಂತ. ಅಮೆರಿಕದ ಆರೋಗ್ಯ ವಿಮೆಯ ತಾಣ 2013ರ ಅಕ್ಟೋಬರ್ 1ರಂದು ತೆರೆದ ಕೂಡಲೇ ತತ್ತರಿಸಿತು. ಭಾರತದ ಆದಾಯ ತೆರಿಗೆಯ ಹೊಸ ತಾಣವೂ 2021ರ ಜೂನ್ 7ರಂದು ಆರಂಭವಾದ ಬಳಿಕ ದೀರ್ಘಕಾಲ ದೋಷಗಳಿಂದ ಬಳಲಿತು. ಕರ್ನಾಟಕದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶವನ್ನು ಚಿಂಚೋಳಿ ಮತ್ತು ಬೆಳಗಾವಿಯಲ್ಲಿ ಪ್ರಾಯೋಗಿಕವಾಗಿ ನಡೆಸಿದ ಮೇಲೆ 2023ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಿದ್ದು ವಿವೇಕದ ನಡೆಯಾಗಿತ್ತು; ಆದರೂ 2025ರ ಆರಂಭದಲ್ಲಿ ಸುಳ್ಳು ಕೋರಿಕೆಗಳನ್ನು ರಾಶಿಯಾಗಿ ಸುರಿಯುವ ಡಿಡಿಒಎಸ್ ದಾಳಿಗೆ ತುತ್ತಾಗಿ ಅದು ನೋಂದಣಿ ಕೆಲಸವನ್ನು ನಿಧಾನಗೊಳಿಸಿದುದನ್ನು ನೋಡಿದರೆ, ಪ್ರಾಮಾಣಿಕ ಬಳಕೆದಾರರ ಸಂಖ್ಯೆಯನ್ನಷ್ಟೇ ಲೆಕ್ಕಹಾಕಿದ ಪರೀಕ್ಷೆ ಸಾಲದೆಂಬುದು ಸ್ಪಷ್ಟವಾಗುತ್ತದೆ.

ಇಷ್ಟೆಲ್ಲ ಮುಗಿದ ಮೇಲೂ ಉಳಿಯುವುದು ನಿಜವಾದ ಬಳಕೆದಾರರ ಪರೀಕ್ಷೆ. ಅದನ್ನು ರಾಜಧಾನಿಯ ವೇಗದ ಸಂಪರ್ಕದಲ್ಲಿ ಮಾತ್ರ ನಡೆಸದೆ, ಸಿಗ್ನಲ್ ಬಂದು ಹೋಗುವ ಹಳ್ಳಿಯ ಗ್ರಾಮ ಒನ್ ಕೇಂದ್ರದಲ್ಲಿ, ಅಗ್ಗದ ಮೊಬೈಲಿನಲ್ಲಿ, ಅರ್ಜಿ ತುಂಬುವಾಗಲೇ ಸಂಪರ್ಕ ಕಡಿದುಹೋದ ಸ್ಥಿತಿಯಲ್ಲಿಯೂ ನಡೆಸಬೇಕು. ಹಣ ಪಾವತಿಯಾಗಿ ರಸೀದಿ ಬರುವ ಮೊದಲೇ ಸಂಪರ್ಕ ಹೋದರೆ ಮತ್ತೊಮ್ಮೆ ಶುಲ್ಕ ಕಡಿತವಾಗುತ್ತದೆಯೇ ಎಂಬುದನ್ನು ಅಲ್ಲಿಯೇ ಕಂಡುಕೊಳ್ಳಬೇಕು. ಅಲ್ಲಿ ದೊರೆತ ದೋಷವನ್ನು ತಿದ್ದಿದ ಮೇಲೆ, ಆ ತಿದ್ದುಪಡಿ ಸರಿಯಿದ್ದ ಬೇರೊಂದು ಭಾಗವನ್ನು ಕೆಡಿಸಿರಬಹುದಾದ್ದರಿಂದ, ಹಿಂದಿನ ಪರೀಕ್ಷೆಗಳನ್ನೆಲ್ಲ ಮತ್ತೆ ನಡೆಸಬೇಕಾಗುತ್ತದೆ. ಇದಕ್ಕೆ ರಿಗ್ರೆಶನ್ ಟೆಸ್ಟಿಂಗ್ ಎನ್ನುತ್ತಾರೆ, ಉದ್ಘಾಟನೆಯ ದಿನಾಂಕ ಮೊದಲೇ ಗೊತ್ತಾಗಿಬಿಟ್ಟಿರುವಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಟ್ಟುಹೋಗುವ ಹಂತವೂ ಇದೇ.